ಅಟ್ಟದಿಂದ ಬಂದ ಪುಸ್ತಕಗಳು

ಧಾರವಾಡದ ಸುಭಾಸ ರಸ್ತೆಯ ಲಕ್ಷ್ಮೀಭವನದಲ್ಲಿ ಒಂದು ಅಟ್ಟವಿದೆ. ಅಟ್ಟ ಎಂದರೆ ನಮ್ಮ ಕಡೆ ಬೇಡಾದ ಸಾಮಾನು ಒಟ್ಟುವ ಜಾಗ. ಹಳೆಯ ತೊಟ್ಟಿಲು, ಒಡಕು ಕೊಳಗ, ಹಬ್ಬಕ್ಕೊಮ್ಮೆ ಇಳಿಸುವ ಹಂಡೆ ಇವೆಲ್ಲ ಅಲ್ಲಿರುತ್ತವೆ. ಆದರೆ ಧಾರವಾಡದ ಓದುವ ಬರೆಯುವ ಮಂದಿ "ಅಟ್ಟಕ್ಕ ಹೋಗಿ ಬಂದೆ" ಅಂದರೆ ಅರ್ಥ ಬೇರೆ. ಅದು ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಹುಟ್ಟಿದ ಈ ಪುಟ್ಟ ಪ್ರಕಾಶನ ಸಂಸ್ಥೆಗೆ ಈಗ ತೊಂಬತ್ತು ದಾಟಿದೆ. ಸರಕಾರದ ಕೃಪೆಯಿಂದ ಹುಟ್ಟಿದ್ದಲ್ಲ, ಮಠದ ಬೆಂಬಲ ಇದ್ದದ್ದಲ್ಲ, ಪಠ್ಯಪುಸ್ತಕ ಮಾರಿ ಬದುಕಿದ್ದೂ ಅಲ್ಲ. ಕತೆ, ಕಾದಂಬರಿ, ನಾಟಕ, ಕವಿತೆ, ವಿಮರ್ಶೆ ಇಷ್ಟರ ಮೇಲೇ ಮೂರು ತಲೆಮಾರು ನಡೆದ ಸಂಸ್ಥೆ.

ಇದರ ಕತೆಯನ್ನು ಧಾರವಾಡದ ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯ ಎಂಬಂತೆ ಹೇಳುವುದು ರೂಢಿ. ಬೇಂದ್ರೆ, ಸಾಧನಕೇರಿ, ಮಳೆ, ಚಹಾ, ಹರಟೆ, ಹೀಗೆ. ಅದೆಲ್ಲ ಖರೆ. ಆದರೆ ನಾನು ಪುಣೆಯಿಂದ ನೋಡುವವನು. ಇಲ್ಲಿಂದ ನೋಡಿದರೆ ಅಟ್ಟದ ಕತೆಯಲ್ಲಿ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಈ ಸಂಸ್ಥೆ ಅಚ್ಚು ಹಾಕಿದ ಹೆಸರುವಾಸಿ ಪುಸ್ತಕಗಳಲ್ಲಿ ಹಲವನ್ನು ಬರೆದವರು ಊರಲ್ಲಿರಲಿಲ್ಲ. ಹಸ್ತಪ್ರತಿ ಓದಿ ಸಲಹೆ ಕೊಡುತ್ತಿದ್ದವರೂ ಎಷ್ಟೋ ವರ್ಷ ಊರಲ್ಲಿರಲಿಲ್ಲ. ಪುಸ್ತಕ ಕೊಂಡು ಓದಿದವರ ಪೈಕಿ ನಮ್ಮಂಥ ಊರು ಬಿಟ್ಟ ಮನೆಗಳೂ ಇದ್ದವು. ಊರಲ್ಲಿ ಗಟ್ಟಿಯಾಗಿ ಇದ್ದದ್ದು ಅಟ್ಟ ಮಾತ್ರ.

1933 ಎಂದರೆ ಎಂಥ ಕಾಲ ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿದ್ದವು. ರಾಜಧಾನಿ ಮುಂಬಯಿ. ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯ ಮುಂಬಯಿಯದು. ದೊಡ್ಡ ನೌಕರಿ ಬೇಕೆಂದರೆ ಪುಣೆಗೋ ಮುಂಬಯಿಗೋ ಗಾಡಿ ಹತ್ತಬೇಕು. ಕಚೇರಿಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮರಾಠಿ. ನಾಟಕ ನೋಡುವುದೆಂದರೆ ಮರಾಠಿ ಕಂಪನಿಯ ನಾಟಕ, ಪುಸ್ತಕ ಓದುವುದೆಂದರೆ ಹ.ನಾ. ಆಪಟೆಯವರ ಕಾದಂಬರಿ ಎಂದಿದ್ದ ಕನ್ನಡ ಮನೆಗಳು ಬಹಳ. ಮನೆಯಲ್ಲಿ ಕನ್ನಡ ಮಾತಾಡಿ ಲೆಕ್ಕವನ್ನು ಮೋಡಿಯಲ್ಲಿ ಬರೆಯುತ್ತಿದ್ದ ಅಜ್ಜಂದಿರನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಅಂದರೆ ಧಾರವಾಡದವನು ಧಾರವಾಡದಲ್ಲಿ ಕೂತೇ ಅರ್ಧ ಹೊರನಾಡಿನವನಾಗಿದ್ದ. ಹೊರನಾಡ ಕನ್ನಡಿಗ ಎಂಬ ಮಾತನ್ನು ನಾವು ಈಗ ಊರು ಬಿಟ್ಟವರಿಗೆ ಮಾತ್ರ ಬಳಸುತ್ತೇವೆ. ಆಗ ಊರು ಬಿಡದವರಿಗೂ ಅದು ಸಲ್ಲುತ್ತಿತ್ತು.

ಇಂಥ ಹೊತ್ತಿನಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಎಂಬ ತರುಣರ ಕೂಟವಿತ್ತು. 'ನರಬಲಿ' ಕವಿತೆಗಾಗಿ ಬೇಂದ್ರೆ 1932ರಲ್ಲಿ ಸೆರೆಮನೆ ಕಂಡಿದ್ದರು, ಕೆಲಸವೂ ಹೋಗಿತ್ತು. ಈ ವಾತಾವರಣದಲ್ಲೇ ಗೋವಿಂದ ಭೀಮಾಚಾರ್ಯ ಜೋಶಿ ಎಂಬ ತರುಣ ಗೆಳೆಯರನ್ನು ಕೂಡಿಕೊಂಡು ಗ್ರಂಥಮಾಲೆ ಶುರು ಮಾಡಿದರು. ಗದಗ ಸಮೀಪದ ಹೊಂಬಳದವರು, 1904ರಲ್ಲಿ ಹುಟ್ಟಿದವರು. ಮುಂದೆ ಎಲ್ಲರ ಬಾಯಲ್ಲಿ ಜಿ.ಬಿ. ಆದರು, ಬರೆಯುವಾಗ 'ಜಡಭರತ' ಆದರು. ಕೈಯಲ್ಲಿ ದುಡ್ಡಿಲ್ಲ. ಹಿಂದೆ ವ್ಯಾಪಾರದ ಮನೆತನವಿಲ್ಲ.

'ಮಾಲೆ' ಎಂಬ ಶಬ್ದ ಇಲ್ಲಿ ಬರಿ ಅಲಂಕಾರವಲ್ಲ, ಅದು ವ್ಯವಹಾರದ ಒಂದು ಪದ್ಧತಿ. ಸಾಮಾನ್ಯ ಪ್ರಕಾಶಕ ಮೊದಲು ಕಾಗದ ಕೊಂಡು, ಮುದ್ರಣಾಲಯದವರಿಗೆ ಕೊಟ್ಟು, ಮೊಳೆ ಜೋಡಿಸಿ, ಕರಡು ತಿದ್ದಿಸಿ, ಹೊಲಿಸಿ, ಅಂಗಡಿಗೆ ಕಮಿಶನ್ನಿನ ಮೇಲೆ ಕೊಟ್ಟು, ಆಮೇಲೆ ದುಡ್ಡಿಗಾಗಿ ಕಾಯುತ್ತ ಕೂಡುತ್ತಾನೆ. ಅಂಗಡಿಯವನು ಕೊಟ್ಟಾಗ ಬಂತು. ಮಾಲೆಯವನು ಇದನ್ನು ತಿರುಗಾಮುರುಗಾ ಮಾಡುತ್ತಾನೆ. ಮೊದಲು ಚಂದಾದಾರರನ್ನು ಹಿಡಿಯುತ್ತಾನೆ. ವರ್ಷಕ್ಕೆ ಇಷ್ಟು ಕೊಡಿರಿ, ವರ್ಷದಲ್ಲಿ ಇಂತಿಷ್ಟು ಪುಸ್ತಕ ನಿಮ್ಮ ಮನೆಗೆ ಬರುತ್ತವೆ. ಯಾವ ಪುಸ್ತಕ, ಯಾರು ಬರೆದದ್ದು ಎಂಬುದು ಆಗ ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಓದುಗ ಕೊಡುವುದು ಪುಸ್ತಕದ ಬೆಲೆಯಲ್ಲ, ಪ್ರಕಾಶಕನ ರುಚಿಯ ಮೇಲಿನ ಭರವಸೆ. ಆ ಕಾಲಕ್ಕೆ ಇಂಥ ಮಾಲೆಗಳು ಕನ್ನಡ ಊರುಗಳಲ್ಲಿ ಹಲವಿದ್ದವು. ಬಹಳಷ್ಟು ಕೆಲವೇ ವರ್ಷಕ್ಕೆ ಕಣ್ಣುಮುಚ್ಚಿದವು.

ಮುಚ್ಚುವುದಕ್ಕೆ ಕಾರಣವೂ ಈ ಪದ್ಧತಿಯಲ್ಲೇ ಇದೆ. ದುಡ್ಡು ಮೊದಲೇ ಬಂದಿರುತ್ತದೆ, ಖರ್ಚೂ ಆಗಿರುತ್ತದೆ. ವರ್ಷ ಮುಗಿಯುವುದರೊಳಗೆ ಪುಸ್ತಕ ಕೊಡದಿದ್ದರೆ ಮರುವರ್ಷ ಚಂದಾ ಇಲ್ಲ. ಹಸ್ತಪ್ರತಿ ಬರಲಿ ಬಿಡಲಿ, ಪುಟ ತುಂಬಬೇಕು. ಅದಕ್ಕೇ ಅನೇಕ ಮಾಲೆಗಳು ಕೈಗೆ ಸಿಕ್ಕ ಪತ್ತೇದಾರಿ, ಬಂಗಾಲಿ ಮರಾಠಿ ಅನುವಾದ ಹಾಕಿ ಪುಟ ತುಂಬಿದವು. ಜಿ.ಬಿ. ಹಿಡಿದ ದಾರಿ ಬೇರೆ. ಅವರು ಲೇಖಕರ ಬೆನ್ನು ಹತ್ತಿದರು. ಯಾರು ಎಲ್ಲಿ ಏನು ಬರೆಯುತ್ತಿದ್ದಾರೆ, ಯಾವ ಕಾಲೇಜಿನ ಹುಡುಗ ನಾಟಕ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ ಎಂಬ ಸುದ್ದಿ ಅವರಿಗೆ ಬೇಕಾಗಿತ್ತು. ಹೆಗಲಿಗೊಂದು ಚೀಲ ಹಾಕಿಕೊಂಡು ಊರೂರು ತಿರುಗಿ ಚಂದಾದಾರರನ್ನು ಕೂಡಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಆ ಚೀಲದಲ್ಲಿ ಹೋಗುವಾಗ ಪುಸ್ತಕ, ಬರುವಾಗ ಹಸ್ತಪ್ರತಿ.

ನಮ್ಮ ಮನೆಗೆ ಈ ಮಾಲೆ ಬಂದದ್ದು ನಮ್ಮ ಕಾಕಾನ ಮೂಲಕ. ಪುಣೆಯಲ್ಲಿ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಕಾರಕೂನ. ಸದಾಶಿವ ಪೇಠೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಬಿಡಾರ. ವ್ಹಿ.ಪಿ. ಬರುತ್ತಿತ್ತು. ಈಗಿನವರಿಗೆ ವ್ಹಿ.ಪಿ. ಎಂದರೆ ತಿಳಿಯಲಿಕ್ಕಿಲ್ಲ. ಅಂಚೆಯವನು ಕಟ್ಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ, ದುಡ್ಡು ಎಣಿಸಿ ಕೊಟ್ಟರೆ ಕಟ್ಟು ಕೊಡುತ್ತಾನೆ, ಇಲ್ಲದಿದ್ದರೆ ಅದು ತಿರುಗಿ ಧಾರವಾಡಕ್ಕೆ. ತಿರುಗಿ ಹೋದರೆ ಕಳಿಸಿದವನಿಗೆ ಅಂಚೆಯ ಖರ್ಚು ಮೈಮೇಲೆ. ತಿಂಗಳ ಇಪ್ಪತ್ತೈದನೆಯ ತಾರೀಖಿಗೆ ಬಂತೆಂದರೆ ಕಾಕಾನ ಮುಖ ನೋಡಬೇಕು. ಕಾಕು ಮಾತ್ರ ಒಂದು ಸಲವೂ ತಿರುಗಿ ಕಳಿಸಲಿಲ್ಲ. ಅಕ್ಕಿ ಡಬ್ಬಿಯ ತಳದಲ್ಲಿ ಕೈಹಾಕಿ ತೆಗೆದು ಕೊಡುತ್ತಿದ್ದಳು. "ಹಾಲಿನವಗ ನಾಳಿ ಬಾ ಅಂತ ಹೇಳಬಹುದು, ಇವನಿಗೆ ಹೆಂಗ ಹೇಳಲಿ? ಪುಸ್ತಕ ಊರಿಗೆ ಹೊಂಟು ಹೋಗತಾವ" ಎನ್ನುತ್ತಿದ್ದಳು. ಪುಸ್ತಕ 'ಊರಿಗೆ' ಹೋಗುತ್ತವೆ ಎಂಬುದರಲ್ಲಿ ಅವಳಿಗೆ ನೋವಿತ್ತೋ ಹೊಟ್ಟೆಕಿಚ್ಚಿತ್ತೋ ತಿಳಿಯದು. ಅವಳು ವರ್ಷಗಟ್ಟಲೆ ಊರಿಗೆ ಹೋಗುತ್ತಿರಲಿಲ್ಲ. ಮೀರಜಿನಲ್ಲಿ ಗಾಡಿ ಬದಲಿಸಿ ಮಕ್ಕಳು ಮರಿ ಕಟ್ಟಿಕೊಂಡು ಹೋಗುವುದೆಂದರೆ ಒಂದು ಯುದ್ಧ.

ಬಂದ ಪುಸ್ತಕಕ್ಕೆ ಮೊದಲು ರಟ್ಟು ಹಾಕುವ ಕೆಲಸ. ಮನೆಗೆ ಬರುತ್ತಿದ್ದ ಪತ್ರಿಕೆ ಮರಾಠಿಯ 'ಸಕಾಳ'. ಹಾಗಾಗಿ ಕಾಕಾನ ಕಪಾಟಿನಲ್ಲಿ ಕನ್ನಡ ಪುಸ್ತಕಗಳೆಲ್ಲ ಮರಾಠಿ ಅಂಗಿ ತೊಟ್ಟು ಸಾಲಾಗಿ ನಿಂತಿರುತ್ತಿದ್ದವು. ಬೆನ್ನಿನ ಮೇಲೆ ಕಾಕಾ ಶಾಯಿಯಲ್ಲಿ ಹೆಸರು ಬರೆಯುತ್ತಿದ್ದ. ಮೊದಲು ಓದುವವಳು ಕಾಕು, ಆಮೇಲೆ ವಾಡೆಯ ಇನ್ನೊಂದು ಕನ್ನಡ ಮನೆ, ಆಮೇಲೆ ಕಾಕಾನ ಕಚೇರಿಯ ಮೂರು ನಾಲ್ಕು ಮಂದಿ. ಒಂದು ಚಂದಾಕ್ಕೆ ಎಷ್ಟು ಓದುಗರು ಎಂಬ ಲೆಕ್ಕ ಯಾವ ಪ್ರಕಾಶಕನ ಖಾತೆಯಲ್ಲೂ ಸಿಗುವುದಿಲ್ಲ. ನನ್ನ ಓದು ಹತ್ತಿದ್ದೂ ಆ ಕಪಾಟಿನಿಂದ.

ಇನ್ನು ಹಸ್ತಪ್ರತಿ ಓದುವವರ ವಿಷಯ. ಮಾಲೆಗೆ ಬೇಂದ್ರೆಯವರ ಆಸರೆ ಇತ್ತು. ಆ ಬೇಂದ್ರೆಯವರೇ 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತ ಹೊರಗಿದ್ದರು. ಗೆಳೆಯರ ಗುಂಪಿನ ವಿ.ಕೃ. ಗೋಕಾಕರು ಪುಣೆ, ಸಾಂಗ್ಲಿ, ಗುಜರಾತಿನ ವಿಸನಗರ, ಕೊಲ್ಲಾಪುರ ಎಂದು ಕಾಲೇಜಿನಿಂದ ಕಾಲೇಜಿಗೆ ತಿರುಗಿದರು. ಮುಂದಿನ ತಲೆಮಾರಿನಲ್ಲಿ ಮಾಲೆಗೆ ಕಣ್ಣಾದವರು ಗದುಗಿನ ಕೀರ್ತಿನಾಥ ಕುರ್ತಕೋಟಿ. ಅವರು ದೀರ್ಘಕಾಲ ಇಂಗ್ಲಿಷ್ ಕಲಿಸಿದ್ದು ಗುಜರಾತಿನ ಆನಂದದ ಕಡೆಗೆ. ಹಾಲಿನ ಸಹಕಾರಿ ಸಂಘಕ್ಕೆ ಹೆಸರಾದ ಆನಂದ ಅದು. ಸುತ್ತ ಗುಜರಾತಿ, ಪಾಠ ಇಂಗ್ಲಿಷ್, ಮನಸ್ಸು ಮಾತ್ರ ಕನ್ನಡ ಕಾವ್ಯದ ಮೇಲೆ.

ಮಾಲೆಯ ಬೆಳ್ಳಿಹಬ್ಬದ ನೆನಪಿಗೆ 'ನಡೆದು ಬಂದ ದಾರಿ' ಎಂಬ ಹೆಸರಿನಲ್ಲಿ ಸಂಪುಟಗಳು ಬಂದವು. ಬೆಳ್ಳಿಹಬ್ಬ ಎಂದರೆ ಸಾಮಾನ್ಯವಾಗಿ ಏನಾಗುತ್ತದೆ, ಓದುಗರಿಗೆ ಗೊತ್ತು. ಮಂತ್ರಿಗಳ ಸಂದೇಶ, ಅಧ್ಯಕ್ಷರ ಫೋಟೋ, ಜಾಹೀರಾತು. ಇವರು ಆ ನೆಪದಲ್ಲಿ ಹೊಸಗನ್ನಡ ಸಾಹಿತ್ಯದ ಲೆಕ್ಕವನ್ನೇ ತೆಗೆದರು. ಯಾರು ಏನು ಬರೆದರು, ಅದರಲ್ಲಿ ಗಟ್ಟಿ ಎಷ್ಟು ಜೊಳ್ಳೆಷ್ಟು ಎಂದು ತೂಗಿದರು. ಕುರ್ತಕೋಟಿಯವರ 'ಯುಗಧರ್ಮ ಹಾಗೂ ಸಾಹಿತ್ಯ ದರ್ಶನ' ಈ ಕೆಲಸದಿಂದಲೇ ಹುಟ್ಟಿ 1962ರಲ್ಲಿ ಹೊರಬಂತು. ಒಂದು ಖಾಸಗಿ ಪ್ರಕಾಶನ ಸಂಸ್ಥೆ, ಅದೂ ತನ್ನ ಚಂದಾದಾರರ ದುಡ್ಡಿನಲ್ಲಿ, ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ ಮಾಡಿತು. ಕಾಕು ಇದನ್ನು ಓದಲಿಲ್ಲ. "ಇದು ಲೆಕ್ಕಪತ್ರ, ಕಾಕಾ ಓದಲಿ" ಅಂದಳು. ಅದು ಒಂದು ರೀತಿಯಲ್ಲಿ ಸರಿಯಾದ ವಿಮರ್ಶೆ.

ಅಟ್ಟದ ಬಗ್ಗೆ ಮಾತಾಡುವವರೆಲ್ಲ ಗಿರೀಶ ಕಾರ್ನಾಡರ ಹೆಸರು ಹೇಳುತ್ತಾರೆ, ನಾನೂ ಹೇಳಲೇಬೇಕು. ಆದರೆ ಹೆಸರಿನ ಹೊಳಪಿಗಾಗಿ ಅಲ್ಲ. ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮುಂಬಯಿಗೆ ಹೋಗಿ, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೊರಟ 22ರ ಹುಡುಗ. ಇಂಗ್ಲಿಷಿನಲ್ಲಿ ಕವಿಯಾಗಬೇಕು ಎಂಬ ಆಸೆ. ಮಗ ಹೋದವನು ತಿರುಗಿ ಬರುತ್ತಾನೋ ಇಲ್ಲವೋ ಎಂಬ ಚಿಂತೆ ಮನೆಯಲ್ಲಿ. ಆ ತಳಮಳದಲ್ಲಿ ಬರೆಯಲು ಕೂತರೆ ಬಂದದ್ದು ನಾಟಕ, ಅದೂ ಕನ್ನಡದಲ್ಲಿ. ಮಗನ ತಾರುಣ್ಯವನ್ನು ಕೇಳುವ ತಂದೆಯ ಕತೆ, 'ಯಯಾತಿ'. ಹೊರದೇಶಕ್ಕೆ ಮಗನನ್ನು ಕಳಿಸಿದ ಯಾವ ಮನೆಗೂ ಈ ಕತೆ ಬೇರೆಯವರದು ಅನಿಸುವುದಿಲ್ಲ.

ಹಸ್ತಪ್ರತಿ ಅಟ್ಟಕ್ಕೆ ಹೋಯಿತು. ಜಿ.ಬಿ. ಓದಿದರು, ಕುರ್ತಕೋಟಿ ಓದಿದರು, ತಿದ್ದುವ ಸಲಹೆ ಹೋಯಿತು. 1961ರಲ್ಲಿ ನಾಟಕ ಅಚ್ಚಾಗಿ ಬಂದಾಗ ಬರೆದವನು ಇಂಗ್ಲೆಂಡಿನಲ್ಲಿದ್ದ. ಈ ಪ್ರಕಟಣೆ ತಮ್ಮ ಬದುಕಿನ ದಿಕ್ಕು ತಿರುಗಿಸಿತು, ತಾವು ಕನ್ನಡ ನಾಟಕಕಾರನಾಗಿ ಊರಿಗೆ ಮರಳುವಂತೆ ಮಾಡಿತು ಎಂಬರ್ಥದ ಮಾತನ್ನು ಕಾರ್ನಾಡರು ಮುಂದೆ ಹಲವು ಸಲ ಹೇಳಿದ್ದಾರೆ. ಯೋಚಿಸಿ ನೋಡಿ. ಹೆಸರಿಲ್ಲದ ಹುಡುಗನ ಮೊದಲ ನಾಟಕ. ನಾಟಕದ ಪುಸ್ತಕ ಮಾರುವುದು ಕಷ್ಟ. ಬರೆದವನು ಸಮುದ್ರದ ಆಚೆ, ಮಾರಾಟಕ್ಕೆ ಸಹಾಯವಿಲ್ಲ, ಬಿಡುಗಡೆಗೆ ಬರುವವನಲ್ಲ. ಅಂಗಡಿಯ ಮೇಲೆ ನಂಬಿದ ಪ್ರಕಾಶಕ 'ಆಮೇಲೆ ನೋಡೋಣ' ಎಂದು ಬರೆಯುತ್ತಿದ್ದ. ಮಾಲೆಯ ಚಂದಾದಾರರು ಮೊದಲೇ ದುಡ್ಡು ಕೊಟ್ಟು ಕೂತಿದ್ದರಿಂದ ಜಿ.ಬಿ. ಹೂಂ ಅನ್ನಬಲ್ಲವರಾದರು. ನಮ್ಮ ಕಾಕುವಿನ ಅಕ್ಕಿ ಡಬ್ಬಿಯ ದುಡ್ಡಿಗೂ ಇದರಲ್ಲಿ ಕಾಳಷ್ಟು ಪಾಲಿದೆ ಎಂದು ನನ್ನ ಹಟ.

'ತುಘಲಕ್' ಹುಟ್ಟಿದ ರೀತಿ ಇನ್ನೂ ಸ್ವಾರಸ್ಯದ್ದು. ಷಾ ಬರೆದಂಥ ಐತಿಹಾಸಿಕ ನಾಟಕ ನಮ್ಮಲ್ಲಿ ಇಲ್ಲ ಎಂಬ ಕುರ್ತಕೋಟಿಯವರ ವಿಮರ್ಶೆಯ ಮಾತು ಕಾರ್ನಾಡರನ್ನು ಚುಚ್ಚಿತು. ಇತಿಹಾಸದ ಪುಸ್ತಕ ತೆರೆದು ಕೂತರು, ಮಹಮ್ಮದ ತುಘಲಕ್ ಸಿಕ್ಕ. ನಾಟಕ 1964ರಲ್ಲಿ ಅದೇ ಅಟ್ಟದಿಂದ ಹೊರಬಂತು. ಅಟ್ಟದ ವಿಮರ್ಶಕ ಕೊರತೆ ತೋರಿಸಿದ, ಅಟ್ಟದ ನಾಟಕಕಾರ ತುಂಬಿದ, ಅಟ್ಟವೇ ಅಚ್ಚು ಹಾಕಿತು. ಅಷ್ಟರಲ್ಲಿ ಕಾರ್ನಾಡರು ಆಕ್ಸ್‌ಫರ್ಡಿನಿಂದ ಬಂದು ಮದರಾಸಿನಲ್ಲಿ ಆಕ್ಸ್‌ಫರ್ಡ್ ಯುನಿವರ್ಸಿಟಿ ಪ್ರೆಸ್ಸಿನ ನೌಕರಿ ಹಿಡಿದಿದ್ದರು. ಹಗಲು ಜಗತ್ತಿನ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಕೆಲಸ, ಸ್ವಂತ ಬರವಣಿಗೆ ಮಾತ್ರ ಸುಭಾಸ ರಸ್ತೆಗೆ. ಮುಂದೆ ನಾಟಕ ಉರ್ದುವಿನಲ್ಲಿ ದಿಲ್ಲಿ ಕಂಡಿತು, 1970ರಲ್ಲಿ ಅಲೆಕ್ ಪದಮ್‌ಸೀ ಅವರ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿ ಮುಂಬಯಿ ಕಂಡಿತು, ವಿಜಯ ತೆಂಡೂಲ್ಕರರ ಅನುವಾದದಲ್ಲಿ ಮರಾಠಿಗೂ ಬಂತು. ಹೊರನಾಡಿನಲ್ಲಿದ್ದ ನಮ್ಮಂಥವರಿಗೆ ಅದರಿಂದ ಆದ ಲಾಭ ಬೇರೆಯೇ. ಕಚೇರಿಯಲ್ಲಿ ಮರಾಠಿ ಸಹೋದ್ಯೋಗಿಗಳು "ತುಮಚಾ ಕಾರ್ನಾಡ" ಎನ್ನತೊಡಗಿದರು. 'ನಿಮ್ಮ' ಎಂಬ ಆ ಒಂದು ಶಬ್ದಕ್ಕೆ ಎಷ್ಟು ಬೆಲೆ ಎಂಬುದು ಪರವೂರಿನಲ್ಲಿ ಬಾಳಿದವನಿಗೇ ಗೊತ್ತು.

'ಸಂಸ್ಕಾರ'ದ ಕತೆಯೂ ಹೀಗೆಯೇ. ಅನಂತಮೂರ್ತಿಯವರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಇದ್ದಾಗ. ಬರ್ಗಮನ್ ಚಿತ್ರವೊಂದನ್ನು ನೋಡಿ ಬಂದ ಗುಂಗಿನಲ್ಲಿ, ತೀರ್ಥಹಳ್ಳಿ ಕಡೆಯ ಅಗ್ರಹಾರವನ್ನು ದೂರದಿಂದ ಕಂಡು ಬರೆದ ಕಾದಂಬರಿ. 1965ರಲ್ಲಿ ಅದು ಪುಸ್ತಕವಾದದ್ದು ಧಾರವಾಡದಲ್ಲಿ, ಮನೋಹರ ಗ್ರಂಥಮಾಲೆಯಿಂದ. ಮಲೆನಾಡಿನ ಲೇಖಕ, ಇಂಗ್ಲೆಂಡಿನ ಕೋಣೆ, ಬಯಲುಸೀಮೆಯ ಮುದ್ರಣ. ಚಲನಚಿತ್ರವಾಗುವಾಗ ಮದರಾಸಿನ ನಾಟಕ ಮತ್ತು ಚಿತ್ರಕಲೆಯ ಗೆಳೆಯರು ಕೂಡಿದರು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು, ಕಾರ್ನಾಡರೇ ಪ್ರಾಣೇಶಾಚಾರ್ಯರಾದರು. ಆಚಾರದ ಮನೆಯಲ್ಲಿ ಹುಟ್ಟಿದ ಜಿ.ಬಿ. ಈ ಕಾದಂಬರಿಯನ್ನು ಆಚಾರವಂತ ಮನೆಗಳ ಚಂದಾದಾರರಿಗೆ ಕಳಿಸಿದರಲ್ಲ, ಅದಕ್ಕೆ ಎದೆ ಬೇಕು. ನಮ್ಮ ವಾಡೆಯ ಇನ್ನೊಂದು ಕನ್ನಡ ಮನೆಯ ಹಿರಿಯರು ಅದನ್ನು ಓದಿ, ಕೈ ತೊಳೆದುಕೊಂಡು ಬಂದು, ಪುಸ್ತಕ ತಿರುಗಿ ಕೊಟ್ಟರು. "ಬರದದ್ದು ಛೊಲೊ ಅದ. ಆದ್ರ ಮನ್ಯಾಗ ಇಡಬ್ಯಾಡ್ರಿ" ಅಂದರು. ಮರುವಾರ ಅವರ ಸೊಸೆ ಬಂದು ಅದನ್ನೇ ಒಯ್ದಳು.

ಮತ್ತೆ ಎ.ಕೆ. ರಾಮಾನುಜನ್. ಮೈಸೂರಿನವರು, ಬೆಳಗಾವಿಯಲ್ಲಿ ಕೆಲಕಾಲ ಪಾಠ ಹೇಳಿ, ಅರವತ್ತರ ದಶಕದ ಆರಂಭದಲ್ಲಿ ಷಿಕಾಗೊ ಸೇರಿದವರು. ಜಗತ್ತು ಅವರನ್ನು ಬಲ್ಲದ್ದು ಇಂಗ್ಲಿಷ್ ಕವಿ, ವಚನಗಳ ಅನುವಾದಕ ಎಂದು. ಅವರ ಕನ್ನಡ ಕವಿತೆಗಳ ಸಂಕಲನ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಬಂದದ್ದು ಈ ಅಟ್ಟದಿಂದ. 'ಮತ್ತೊಬ್ಬನ ಆತ್ಮಚರಿತ್ರೆ', 'ಕುಂಟೋಬಿಲ್ಲೆ' ಬಂದದ್ದೂ ಇಲ್ಲಿಂದಲೇ. ಷಿಕಾಗೊದಲ್ಲಿದ್ದವನಿಗೆ ಕನ್ನಡದಲ್ಲಿ ಬರೆಯದೆ ಇರುವುದು ಬಹಳ ಸುಲಭ. ಕೇಳುವವರಿಲ್ಲ, ಬಯ್ಯುವವರೂ ಇಲ್ಲ. ನನ್ನ ಪರಿಚಯದ ಎಷ್ಟೋ ಜನ ಪುಣೆಯಷ್ಟು ಹತ್ತಿರದಲ್ಲಿದ್ದೂ ಹತ್ತು ವರ್ಷದಲ್ಲಿ ಕನ್ನಡದಲ್ಲಿ ಒಂದು ಕಾಗದ ಬರೆಯುವುದನ್ನು ಬಿಟ್ಟರು. ಬರೆದರೆ ಅಚ್ಚು ಹಾಕುವವನೊಬ್ಬ ಊರಲ್ಲಿ ಕೂತಿದ್ದಾನೆ ಎಂಬುದು ಇಂಥ ಹೊತ್ತಿನಲ್ಲಿ ಸಣ್ಣ ಮಾತಲ್ಲ. ಮುಂಬಯಿಯ ಯಶವಂತ ಚಿತ್ತಾಲರಿಗೂ, ಧಾರವಾಡದಲ್ಲಿ ಹುಟ್ಟಿ ಮುಂಬಯಿಯಲ್ಲಿ ಪ್ರಾಧ್ಯಾಪಕರಾಗಿದ್ದ ಶಂಕರ ಮೊಕಾಶಿ ಪುಣೇಕರರಿಗೂ ಅಟ್ಟದ ನಂಟು ಇತ್ತು. ಪುಣೇಕರ ಎಂಬ ಅಡ್ಡಹೆಸರು ಹೊತ್ತವನು ಧಾರವಾಡದವನು, ಬದುಕಿದ್ದು ಮುಂಬಯಿಯಲ್ಲಿ. ನಮ್ಮ ಭಾಗದ ಜನ ಎಷ್ಟು ತಲೆಮಾರಿನಿಂದ ತಿರುಗುತ್ತಲೇ ಇದ್ದಾರೆ ಎಂಬುದಕ್ಕೆ ಆ ಹೆಸರೇ ಸಾಕು.

ಇಷ್ಟೆಲ್ಲ ಮಾಡಿದ ಜಿ.ಬಿ. ಸ್ವತಃ ಬರೆಯುವವರು ಎಂಬುದನ್ನು ಜನ ಮರೆಯುತ್ತಾರೆ. 'ಕದಡಿದ ನೀರು', 'ಸತ್ತವರ ನೆರಳು' ಅವರ ನಾಟಕಗಳು. ಮಠದ ಪೀಠಕ್ಕಾಗಿ ನಡೆಯುವ ಹಗರಣವನ್ನು ನಗಿಸುತ್ತಲೇ ಬಿಚ್ಚಿಡುವ 'ಸತ್ತವರ ನೆರಳು' ನಾಟಕವನ್ನು ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ಪೋಣಿಸಿ ರಂಗಕ್ಕೆ ತಂದ ಮೇಲೆ ಅದು ಮನೆಮಾತಾಯಿತು. ಆ ಪದಗಳ ಧಾಟಿ ಕೇಳಿದ ಯಾರೂ ಮರೆಯಲಿಕ್ಕಿಲ್ಲ. ಆದರೆ ನಾಟಕ ಬರೆದವರ ಹೆಸರು ಕೇಳಿದರೆ ಹತ್ತರಲ್ಲಿ ಐದು ಮಂದಿ ಕಾರಂತರ ಹೆಸರೇ ಹೇಳುತ್ತಾರೆ. ಪ್ರಕಾಶಕನಾದವನಿಗೆ ಈ ಹಣೆಬರಹ ಹೊಸದಲ್ಲ. ಬೇರೆಯವರ ಕರಡು ತಿದ್ದುವುದರಲ್ಲಿ ತನ್ನದು ಬರೆಯುವ ಹೊತ್ತು ಹೋಗುತ್ತದೆ.

ಅಟ್ಟವನ್ನು ಹೊಗಳುವವರು ಬಿಟ್ಟುಬಿಡುವ ಒಂದು ಮಾತನ್ನೂ ಇಲ್ಲಿ ಆಡಬೇಕು. ಅಟ್ಟದ ಮೇಲೆ ಕೂಡುತ್ತಿದ್ದವರು ಬಹುಪಾಲು ಗಂಡಸರು, ಇಂಗ್ಲಿಷ್ ಕಲಿತವರು, ಬ್ರಾಹ್ಮಣ ಮನೆತನದವರು. ಚಂದಾದಾರರ ಕತೆಯೂ ಹೆಚ್ಚು ಕಡಿಮೆ ಅದೇ. ಹೊರನಾಡಿನಲ್ಲಿ ತಿಂಗಳ ಸಂಬಳ, ಪಕ್ಕಾ ವಿಳಾಸ, ಅಂಚೆಯವನು ಬಂದಾಗ ಬಾಗಿಲು ತೆಗೆಯುವ ಒಬ್ಬಳು ಹೆಂಗಸು ಇದ್ದವರಿಗೆ ಮಾತ್ರ ವ್ಹಿ.ಪಿ. ತಲುಪುತ್ತದೆ. ಬರಗಾಲಕ್ಕೆ ವಿಜಾಪುರದ ಕಡೆಯಿಂದ ಪುಣೆಗೆ, ಮುಂಬಯಿಗೆ ಬಂದು ಗಾರೆ ಕೆಲಸಕ್ಕೆ, ಕಲ್ಲು ಒಡೆಯಲು ನಿಂತ ಕನ್ನಡದವರಿಗೆ ವಿಳಾಸವೇ ಇರಲಿಲ್ಲ. ಅವರ ಸಂಖ್ಯೆ ನಮಗಿಂತ ಬಹಳ ಹೆಚ್ಚು. ಎಪ್ಪತ್ತರ ದಶಕದಲ್ಲಿ ದಲಿತ, ಬಂಡಾಯ ಸಾಹಿತ್ಯ ಎದ್ದು ನಿಂತಾಗ ಅದರ ಮುಖ್ಯ ದನಿಗಳು ಅಟ್ಟದಿಂದಲ್ಲ, ಬೇರೆ ಕಡೆಯಿಂದ ಕೇಳಿದವು. ಅದೇ ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ 'ಸಂ ಕ್ರಮಣ' ಪತ್ರಿಕೆ ತೆಗೆದರು. ಊರಿನಲ್ಲಿ ಇನ್ನೊಂದು ಕಟ್ಟೆ ಬೇಕು ಎಂದು ಹೊಸ ಹುಡುಗರಿಗೆ ಅನಿಸಿತ್ತು. ಇದರಿಂದ ಅಟ್ಟದ ದೊಡ್ಡಸ್ತಿಕೆ ಕಡಿಮೆಯಾಗಲಿಲ್ಲ. ಅದು ಎಲ್ಲರ ಅಟ್ಟವಾಗಿತ್ತು ಎಂದು ಮಾತ್ರ ಹೇಳಬಾರದು.

ಜಿ.ಬಿ. ತೀರಿಕೊಂಡದ್ದು 1993ರಲ್ಲಿ. ರಾಮಾನುಜನ್ ಷಿಕಾಗೊದಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಮಾಲೆ ನಿಲ್ಲಲಿಲ್ಲ. ಮಗ ರಮಾಕಾಂತ ಜೋಶಿಯವರು ನಡೆಸಿದರು, ಆಮೇಲೆ ಮೊಮ್ಮಗನ ಕೈಗೆ ಬಂತು. ಕಾರ್ನಾಡರು ಕೊನೆಯ ವರೆಗೂ ತಮ್ಮ ಕನ್ನಡ ಪುಸ್ತಕಗಳನ್ನು ಇಲ್ಲಿಗೇ ಕೊಟ್ಟರು. ಅವರ ಆತ್ಮಕಥೆ 'ಆಡಾಡತ ಆಯುಷ್ಯ' 2011ರಲ್ಲಿ ಬಂದಾಗಲೂ ಪ್ರಕಾಶಕರ ಹೆಸರು ಅದೇ. ಬೇಕಾದರೆ ಯಾವ ದೊಡ್ಡ ಸಂಸ್ಥೆಗಾದರೂ ಕೊಡಬಹುದಾಗಿತ್ತು. ಐವತ್ತು ವರ್ಷದ ಹಿಂದೆ ಹೂಂ ಅಂದವರ ಮನೆಯನ್ನು ಅವರು ಬಿಡಲಿಲ್ಲ.

ಈ ನಡುವೆ ಕನ್ನಡ ಪ್ರಕಾಶನದ ಹಣಕಾಸು ಬದಲಾಯಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಕರ್ನಾಟಕದಲ್ಲಿ ಗ್ರಂಥಾಲಯಗಳು ಬೆಳೆದವು, ಸಗಟು ಖರೀದಿ ಬಂತು. ಎಷ್ಟೋ ಪ್ರಕಾಶಕರು ಗ್ರಂಥಾಲಯ ಕೊಳ್ಳುವಷ್ಟು ಪ್ರತಿ ಅಚ್ಚು ಹಾಕಿ ಸುಮ್ಮನಾಗುವುದು ಕಲಿತರು. ಪುಸ್ತಕ ಮಾರಾಟವಾಗುತ್ತದೆ, ಓದುಗ ಎಲ್ಲಿದ್ದಾನೆ ಎಂದು ಹುಡುಕುವ ಗರಜು ಇರುವುದಿಲ್ಲ. ಈ ವ್ಯವಸ್ಥೆಯಲ್ಲಿ ರಾಜ್ಯದ ಗಡಿಯಾಚೆಯ ಓದುಗ ಲೆಕ್ಕಕ್ಕೇ ಇಲ್ಲ. ಚಂದಾ ಪದ್ಧತಿಯಲ್ಲಿ ಅವನು ಇದ್ದ. ಸದಾಶಿವ ಪೇಠೆಯ ಕಾರಕೂನನ ಹೆಸರು ಧಾರವಾಡದ ವಹಿಯಲ್ಲಿ ಬರೆದಿರುತ್ತಿತ್ತು. ಅಂಚೆಯೂ ಮೊದಲಿನ ಹಾಗಿಲ್ಲ. ಕಡಿಮೆ ದರದಲ್ಲಿ ಪುಸ್ತಕ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಇಂಥ ಸಣ್ಣ ಪ್ರಕಾಶಕರಿಗೆ ಅದು ಸಣ್ಣ ಪೆಟ್ಟಲ್ಲ.

ಕಾಕಾನ ಕಪಾಟು ಈಗ ನನ್ನ ಮನೆಯಲ್ಲಿದೆ. 'ಸಕಾಳ'ದ ರಟ್ಟುಗಳು ಹಳದಿಗಟ್ಟಿವೆ. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಕಾರ್ನಾಡರ ಆತ್ಮಕಥೆಯನ್ನು ಮಗ ಓದಿದ್ದು 2021ರಲ್ಲಿ ಬಂದ ಇಂಗ್ಲಿಷ್ ಅನುವಾದದಲ್ಲಿ. ನಮ್ಮ ಸೊಸೈಟಿಯ ನೆರೆಯವರು, ಮರಾಠಿಯವರು, ಅದನ್ನೇ ಉಮಾ ಕುಲಕರ್ಣಿಯವರ ಮರಾಠಿ ಅನುವಾದದಲ್ಲಿ ಓದಿ ಮುಗಿಸಿ ಒಂದು ಸಂಜೆ ಬಂದರು. ಪುಸ್ತಕದಲ್ಲಿ ಬರುವ ಆ ಅಟ್ಟ ಖರೆಗೂ ಇದೆಯೇ ಎಂದು ಅವರ ಪ್ರಶ್ನೆ. ಇದೆ, ಈಗಲೂ ಇದೆ ಎಂದೆ. ಅಟ್ಟಕ್ಕೆ ಮರಾಠಿಯಲ್ಲಿ 'ಮಾಳಾ' ಎನ್ನುತ್ತಾರೆ. ಅವರು ಎರಡು ಸಲ ಬಾಯಲ್ಲಿ ಹೊರಳಿಸಿ, "ಮ್ಹಣಜೆ ಮಾಳ್ಯಾವರಚೀ ಮಾಲಾ!" ಎಂದು ನಕ್ಕರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಅವರ ಭಾವಂದಿರ ಮಗಳ ಮದುವೆಯಂತೆ. ಧಾರವಾಡದಲ್ಲಿ ಪೇಢೆ ಅಂಗಡಿ ಅವರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಸುಭಾಸ ರಸ್ತೆಗೆ ಹೇಗೆ ಹೋಗುವುದೆಂದು ಬರೆದುಕೊಂಡು ಹೋದರು.